ಬನವ್ವನ ಡಬ್ಬಿಗೆ ಕಾರ್ಡು ಕೂಡಿಸಿದ್ದು

ಗಜೇಂದ್ರಗಡ
ಫೆಬ್ರುವರಿ 30, 2131

ಮಧ್ಯಾಹ್ನ ಮೂರೂವರೆ. ಬಿಸಿಲು ಜೋರಾಗಿದೆ. ಬೆಳಗ್ಗೆಯಿಂದ ಆದದ್ದು ಇಷ್ಟು: ಅತ್ತೆಯವರು ರೊಟ್ಟಿ ಬಡಿದರು, ಅಂಗಡಿಯ ರಾಜೇಸಾಬ ಬಂದು ಹೋದ, ಕಿಟಕಿಯ ಹತ್ತಿರ ಒಂದು ಕೆಲಸ ನಡೆಯಿತು. ಆ ಕೆಲಸ ಯಾಕೆ ಬೇಕಾಯಿತು ಎಂಬುದನ್ನು ನಿಮಗೆ ತಿಳಿಸಲು ಈ ಪತ್ರ.

ನೂರು ವರ್ಷ ಹಿಂದಿನವರಿಗೆ ನಮಸ್ಕಾರ.

ತಾರೀಖು ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರಿಲ್ಲ. ಅವನ್ನು ಬಿಡಿದಿನ ಎನ್ನುತ್ತೇವೆ, ಆ ದಿನಗಳಲ್ಲಿ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಬರಹದಲ್ಲಿ ಇಂಥ ಇನ್ನೂ ಕೆಲವು ಶಬ್ದಗಳು ಬರಬಹುದು. ಕ್ಷಮಿಸಿ. ನಾನು ಓದಿದ್ದು ಏಳನೆಯ ತರಗತಿ. ಗುಡ್ಡದ ಮೇಲಿನ ಗಾಳಿಕಂಬಗಳಿಗೆ ಎಣ್ಣೆ ಹಾಕುವುದು ನನ್ನ ಕೆಲಸವಾಗಿತ್ತು. ದಿನಾ ಸಂಜೆ ಏನಾಯಿತೆಂದು ಎರಡು ಸಾಲು ಬರೆದಿಡುವ ಅಭ್ಯಾಸವಿದೆ. ಇಷ್ಟು ಉದ್ದದ್ದನ್ನು ಬರೆಯುವುದು ಇದೇ ಮೊದಲು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಯವರು, ದುಃಖದ ದಿನಗಳು ಮುಗಿಯುವ ಮುಂಚೆ, ಉತ್ತರ ಕೊಡಲಾರದ ಯಾರಿಗಾದರೂ ಒಂದು ಪತ್ರ ಬರೆಯಬೇಕು. ಹೆಚ್ಚಿನವರು ಸತ್ತವರಿಗೇ ಬರೆಯುತ್ತಾರೆ. ನಾನೂ ನನ್ನ ಹೆಂಡತಿ ಬನವ್ವನಿಗೆ ಬರೆಯಲು ಕೂತಿದ್ದೆ. ಬರೆಯಲು ಹೋದರೆ ಬಂದದ್ದು ಬರೀ ಸಿಟ್ಟು. ಅವಳು ಈ ಸಿಟ್ಟು ಕೇಳಬೇಕಾದವಳಲ್ಲ. ಕೇಳಬೇಕಾದವರು ನೀವು, ಡೆಸ್ಕ್‌ಟಾಪ್ ಕಂಪ್ಯೂಟರ್ ಎಂಬ ಕರಿಯ ಕಬ್ಬಿಣದ ಪೆಟ್ಟಿಗೆಯನ್ನು ಮಾಡಿದವರು, ಮಾರಿದವರು, ಕೊಂಡು ಮನೆಯಲ್ಲಿಟ್ಟು ಇಲ್ಲಿಯವರೆಗೆ ಉಳಿಯುವಂತೆ ಬಿಟ್ಟುಹೋದವರು.

ನಿಮ್ಮ ಕಾಲದಲ್ಲಿ ಸುದ್ದಿ ಗಾಳಿಯಲ್ಲಿ ಬರಲು ಶುರುವಾಗಿತ್ತಂತೆ. ಈಗ ಎಲ್ಲವೂ ಹಾಗೆಯೇ. ಗೋಡೆ ಮಾತಾಡುತ್ತದೆ, ನೀರಿನ ಟಾಕಿ ಮಾತಾಡುತ್ತದೆ, ಮಂಚ ಕೂಡ ನಿದ್ದೆ ಸಾಕೆಂದು ಹೇಳುತ್ತದೆ. ಅದಕ್ಕೇ ಸಾವಾದ ಮನೆಗೆ ನಾವು ಮೌನ ಕೊಡುತ್ತೇವೆ. ತಾಮ್ರದ ಎಳೆಯಿಂದ ನೇಯ್ದ ಬಲೆಯನ್ನು ಚಾವಣಿಗೆ, ಗೋಡೆಗೆ, ಕಿಟಕಿಗೆ, ಬಾಗಿಲಿಗೆ ಇಳಿಬಿಡುತ್ತೇವೆ. ಅದರ ಹೆಸರು ಮೌನಬಲೆ. ಏನಾದರೂ ಹೇಳಬೇಕೆನ್ನುವವರು ಕಾಲಲ್ಲಿ ನಡೆದು ಬಂದು ಬಾಯಲ್ಲಿ ಹೇಳಬೇಕು. ನಿಮ್ಮ ಕಾಲದಲ್ಲಿ ನಮ್ಮೂರಿನ ಕುಣಿಮಗ್ಗಗಳಲ್ಲಿ ಸೀರೆ ನೇಯುತ್ತಿದ್ದರು, ಈಗ ಅದೇ ಮಗ್ಗದಲ್ಲಿ ಮೌನಬಲೆ ನೇಯುತ್ತಾರೆ. ಬನವ್ವ ಅದರಲ್ಲಿ ಹೆಸರುವಾಸಿ. ದೂರದ ಊರುಗಳಿಂದ ಬಂದು ಅವಳ ಬಲೆಯೇ ಬೇಕೆಂದು ಕಾಯುತ್ತಿದ್ದರು. ಈಗ ನಮ್ಮ ಮನೆಗೆ ಹಾಕಿರುವುದೂ ಅವಳು ನೇಯ್ದದ್ದೇ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ದುಃಖದ ದಿನಗಳು ಮುಗಿದು ಬಲೆ ತೆಗೆಯುವ ದಿನ ಊರಿನ ಕೇಳುಮನೆಯಲ್ಲಿ ಎಲ್ಲರೂ ಕೂಡುತ್ತಾರೆ. ಸತ್ತವರು ತಾವು ಬದುಕಿದ್ದಾಗ ಊರಿಗೆಂದು ಹೇಳಿಟ್ಟ ಮಾತನ್ನು ಅಲ್ಲಿ ಒಂದೇ ಸಲ ಕೇಳಿಸುತ್ತಾರೆ. ಮನೆಯವರೂ ಅದನ್ನು ಮೊದಲೇ ಕೇಳುವಂತಿಲ್ಲ. ಆ ದನಿ ಅದರ ಹಿಂದಿನ ದಿನದೊಳಗೆ ಸತ್ತವರ ಮನೆಯಿಂದಲೇ, ಅವರ ಯಂತ್ರದಿಂದಲೇ ಬರಬೇಕು. ಕೈಯಲ್ಲಿ ತಂದುಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಹಿಂದೆ ಕೆಲವರು ಆಸ್ತಿಯ ಆಸೆಗೆ ಸುಳ್ಳು ದನಿ ತಂದಿದ್ದರಂತೆ. ದನಿ ಬಾರದಿದ್ದರೆ ಹೆಸರು ಮಾತ್ರ ಓದಿ ಮುಂದಿನವರಿಗೆ ಹೋಗುತ್ತಾರೆ.

ಈಗಿನ ಜನರಿಗೆ ಇದೊಂದು ಕೆಲಸವೇ ಅಲ್ಲ. ಉಸಿರು ನಿಂತ ಕೂಡಲೇ, ಬಲೆ ಹಾಕುವುದಕ್ಕೆ ಮುಂಚೆಯೇ, ಅವರ ದನಿ ತಾನಾಗಿ ಕೇಳುಮನೆಗೆ ಹೋಗಿಬಿಡುತ್ತದೆ. ಬನವ್ವ ಅದಕ್ಕೆ ಒಪ್ಪಲಿಲ್ಲ. "ತಾನ ಹರದು ಹೋಗಾಕ ನಾ ಏನು ನಳದ ನೀರೇನ್ರಿ?" ಎಂದಳು. ಅವಳ ಅಜ್ಜಿಯ ಕಾಲದ ಡೆಸ್ಕ್‌ಟಾಪ್ ಒಂದಿತ್ತು, ಅದನ್ನು ಡಬ್ಬಿ ಎನ್ನುತ್ತಿದ್ದಳು, ಬಲೆಯ ನಕ್ಷೆಗಳನ್ನು ಅದರಲ್ಲೇ ಬರೆಯುತ್ತಿದ್ದಳು. ಕೆಟ್ಟ ಭಾಗ ಕಿತ್ತು, ಬೇರೆ ಹಾಕಿ, ಬೆಸುಗೆ ಹಚ್ಚಿ ಅದನ್ನು ನಡೆಸುತ್ತಿದ್ದಳು. ಹೊರಗಿನ ತಂತಿ ಸಿಕ್ಕಿಸುವ ತೂತು ಮಾತ್ರ ಅವಳ ತಾಯಿಯ ಕಾಲದಲ್ಲೇ ಸಿಡಿಲಿಗೆ ಸುಟ್ಟಿತ್ತು, ಅದನ್ನು ಅವಳು ರಿಪೇರಿ ಮಾಡಲೇ ಇಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ದಿನ ಹೇಳಿದಳು: "ಡಬ್ಬ್ಯಾಗ ಹೇಳಿಟ್ಟೀನಿ. ಕಳಸೂ ಕೆಲಸ ನಿಮ್ದು."

ಆಯಿತು ಎಂದೆ. ಏನನ್ನು ಒಪ್ಪಿಕೊಂಡೆನೆಂದು ಆಗ ನನಗೆ ಗೊತ್ತಿರಲಿಲ್ಲ.

ಹಳೆಯ ಸಾಮಾನಿನ ಓಣಿಯಲ್ಲಿ ರಾಜೇಸಾಬನ ಅಂಗಡಿ ಇದೆ. ಅವನು ಒಳ್ಳೆಯವನು. ಇಲ್ಲ ಎನ್ನುವ ಮಾತೇ ಅವನ ಬಾಯಲ್ಲಿ ಬರುವುದಿಲ್ಲ, ಅದೇ ತೊಂದರೆ.

"ಹಳೇ ಕಂಪ್ಯೂಟರಿಗೆ ಹಾಕೂ ನೆಟ್‌ವರ್ಕ್ ಕಾರ್ಡು ಐತೇನು?" ಎಂದೆ.

"ಐತ್ರಿ ಅಣ್ಣಾರ."

"ಬನವ್ವನ ಡಬ್ಬಿಗೆ ಕೂಡ್ತತೇನು?"

"ಕೂಡಸಿದ್ರ ಕೂಡ್ತತ್ರಿ. ಎಲ್ಲಾ ಕಾರ್ಡೂ ಹಸರು, ಎಲ್ಲಾ ತೂತೂ ಕರೀವು. ಇನ್ನೇನು ನೋಡೂದೈತಿ?"

ಹಸಿರು ಕಾರ್ಡು ತಂದೆ. ಡಬ್ಬಿಯ ವಿದ್ಯುತ್ ತೆಗೆದು, ಅಡ್ಡ ಮಲಗಿಸಿ, ಪಕ್ಕದ ತಗಡಿನ ಸ್ಕ್ರೂ ಬಿಚ್ಚಿದೆ. ಒಳಗೆ ನೋಡಿ ನಿಮ್ಮ ಮೇಲೆ ಮೊದಲ ಸಲ ಸಿಟ್ಟು ಬಂತು. ಕಾರ್ಡು ಕೂಡಿಸುವ ಸ್ಲಾಟುಗಳು ಒಂದರ ಪಕ್ಕ ಒಂದು ಇದ್ದವು. ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದವಾದರೂ ನಡುವಿನ ಗಂಟು ಬೇರೆ ಜಾಗದಲ್ಲಿ. ಯಾವುದರ ಪಕ್ಕದಲ್ಲೂ ಇದಕ್ಕೆ ಇಂಥ ಕಾರ್ಡು ಎಂದು ಓದಿದರೆ ತಿಳಿಯುವಂತೆ ಬರೆದಿಲ್ಲ. ಇದ್ದ ಅಕ್ಷರಗಳು ಇರುವೆಯ ಕಾಲಿಗಿಂತ ಸಣ್ಣವು. ಅದೇ ಕಾರ್ಡಿನ ಪೆಟ್ಟಿಗೆಯ ಮೇಲೆ ಮಾತ್ರ ಬೆರಳು ದಪ್ಪದ ಅಕ್ಷರದಲ್ಲಿ ವೇಗ ಬರೆದಿದ್ದೀರಿ. ಅದೂ ಇಷ್ಟು ವೇಗ ಎಂದಲ್ಲ, ಇಷ್ಟರವರೆಗೆ ಎಂದು. ನಾನು ಗಾಳಿಕಂಬಕ್ಕೆ ಮುಕ್ಕಾಲು ಪಾಲು ಎಣ್ಣೆ ಹಾಕಿ, ತುಂಬುವವರೆಗೆ ಹಾಕಬಲ್ಲೆ ಎಂದು ಬರೆದಿಟ್ಟು ಬಂದಿದ್ದರೆ ಮೇಸ್ತ್ರಿ ನನ್ನನ್ನು ಗುಡ್ಡದಿಂದ ಕೆಳಗೆ ತಳ್ಳುತ್ತಿದ್ದ.

ಆ ಕಾರ್ಡು ಬನವ್ವನ ಡಬ್ಬಿಗಿಂತಲೂ ಹಳೆಯ ಕಾಲದ್ದು. ಅದರ ಅಂಚಿನ ಹಲ್ಲು ಯಾವ ಸ್ಲಾಟಿಗೂ ಕೂಡಲಿಲ್ಲ. ಮರಳಿ ಹೋದೆ.

"ಕೂಡಲಿಲ್ಲೇನ್ರಿ? ಸ್ವಲ್ಪ ಒತ್ತಬೇಕಾಗಿತ್ತು," ಎಂದ ರಾಜೇಸಾಬ.

"ಒತ್ತಿದ್ರ ಡಬ್ಬಿ ಒಡೀತಿತ್ತು."

"ಹಂಗಾದ್ರ ಒತ್ತಬಾರದಾಗಿತ್ತು ಬಿಡ್ರಿ."

ಎರಡನೆಯದು ಗಿಡ್ಡ ಸ್ಲಾಟಿನ ಕಾರ್ಡು, ಬೆನ್ನಿಗೆ ಎರಡು ಏರಿಯಲ್. ಗಾಳಿಯಿಂದಲೇ ಸುದ್ದಿ ಹಿಡಿಯುವ ಜಾತಿ. ಈ ಕಾಲದಲ್ಲಿ ತಂತಿಯ ಕಾರ್ಡನ್ನು ಯಾರು ಕೇಳುತ್ತಾರೆ ಎಂದು ರಾಜೇಸಾಬ ನಕ್ಕ, ನನಗೂ ಹೌದೆನಿಸಿತು. ಇದರ ಹಲ್ಲು ಸರಿಯಾಗಿ ಕೂತಿತು. ಆದರೆ ಕಾರ್ಡಿನ ತುದಿಯಲ್ಲಿ ಸ್ಕ್ರೂ ಹಾಕುವ ತಗಡಿನ ಪಟ್ಟಿ ಗಿಡ್ಡ, ಡಬ್ಬಿಯ ಕಿಂಡಿ ಎತ್ತರ. ಸಣ್ಣ ಡಬ್ಬಿಗೆ ಗಿಡ್ಡ ಪಟ್ಟಿ, ದೊಡ್ಡ ಡಬ್ಬಿಗೆ ಎತ್ತರದ ಪಟ್ಟಿ ಎಂದು ನೀವು ಎರಡು ಬಗೆ ಮಾಡಿದ್ದಿರಂತೆ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಇಡುತ್ತಿದ್ದಿರಿ ಎಂದೂ ಕೇಳಿದ್ದೇನೆ. ನೂರು ವರ್ಷದಲ್ಲಿ ನಮಗೆ ಬೇಕಾದದ್ದೇ ಕಳೆದುಹೋಗಿತ್ತು. ಅದನ್ನು ಹುಡುಕಲು ಮತ್ತೊಂದು ದಿನ ಹೋಯಿತು.

ಅತ್ತೆ ನೀಲವ್ವನವರು ಇದನ್ನೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದರು. ಮಗಳು ಹೋದಾಗಿನಿಂದ ಅವರು ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ಎಂಬತ್ತು ದಾಟಿದೆ, ಬಾಯಿಗೆ ಮಾತ್ರ ವಯಸ್ಸಾಗಿಲ್ಲ.

"ಇದು ಕಾರ್ಡು ಹುಡಕೂದಲ್ಲ ಅಳ್ಯಾರ, ಕನ್ಯಾಕ ವರ ಹುಡಕಿದಂಗ ಆತು. ಒಂದು ಭಾಳ ಹಳೇದು, ಒಂದು ಗಿಡ್ಡ. ಇನ್ನ ಮೂರನೇದಕ್ಕ ಏನು ಊನ ಐತೋ."

ಪಟ್ಟಿ ಬದಲಿಸಿ ಕಾರ್ಡು ಕೂಡಿಸಿ, ತಗಡು ಮುಚ್ಚಿ, ಡಬ್ಬಿ ಹಚ್ಚಿದೆ. ಪರದೆಯ ಮೇಲೆ ಬನವ್ವ ಹಾಕಿಟ್ಟಿದ್ದ ಚಿತ್ರ ಬಂತು: ನಮ್ಮ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ಮೂಲೆಯಲ್ಲಿ ಒಂದು ಹಳದಿ ಗುರುತು ಕಾಣಿಸಿಕೊಂಡು, ಈ ಕಾರ್ಡು ಯಾವುದೆಂದು ತನಗೆ ಗೊತ್ತಿಲ್ಲ, ಡ್ರೈವರ್ ಬೇಕು ಎಂದಿತು. ಡ್ರೈವರ್ ಎಂದರೆ ಕಾರ್ಡನ್ನು ಹೇಗೆ ನಡೆಸಬೇಕೆಂದು ಡಬ್ಬಿಗೆ ಕಲಿಸುವ ಪಾಠ ಎಂದು ರಾಜೇಸಾಬ ಹೇಳಿದ. ಕಾರ್ಡಿನ ಪೆಟ್ಟಿಗೆಯಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ, ಡ್ರೈವರನ್ನು ನಮ್ಮ ಜಾಲತಾಣದಿಂದ ಇಳಿಸಿಕೊಳ್ಳಿ ಎಂದು ಬರೆದಿತ್ತು.

ಹಿಂದಿನವರೇ, ಈ ಒಂದು ಸಾಲಿಗೆ ನೀವು ಉತ್ತರ ಕೊಡಬೇಕು. ಜಾಲಕ್ಕೆ ಸೇರಲೆಂದೇ ಕಾರ್ಡು ಕೊಂಡವನಿಗೆ, ಕಾರ್ಡು ನಡೆಯಬೇಕಾದರೆ ಮೊದಲು ಜಾಲಕ್ಕೆ ಹೋಗಿ ಬಾ ಎಂದು ಹೇಳಿದ್ದೀರಿ. ಬಾವಿಯಿಂದ ನೀರು ಸೇದುವ ಹಗ್ಗವನ್ನು ಬಾವಿಯ ತಳದಲ್ಲಿಟ್ಟು ಮಾರಿದ್ದೀರಿ. ಇದನ್ನು ಬರೆದವರು ಯಾರು? ಬರೆದ ಮೇಲೆ ಮನೆಗೆ ಹೋಗಿ ಊಟ ಮಾಡಿ ಮಲಗಿದರೇ? ಪಕ್ಕದ ಮೇಜಿನವರು ಯಾರೂ ಅದನ್ನು ಓದಲಿಲ್ಲವೇ? ನಾನು ಏಳನೆಯ ತರಗತಿ ಓದಿದವನು, ನನಗೆ ಕಾಣುತ್ತದೆ.

ರಾಜೇಸಾಬ ಯಾರ ಯಾರ ಮನೆಗೋ ಅಲೆದು, ನಿಮ್ಮ ಕಾಲದ ಪೆನ್‌ಡ್ರೈವ್ ಕಡ್ಡಿಯೊಂದರಲ್ಲಿ ಆ ಪಾಠ ತುಂಬಿಸಿ ತಂದ. ಅಷ್ಟರಲ್ಲಿ ಬಲೆ ತೆಗೆಯುವ ದಿನ ಹತ್ತಿರ ಬಂದಿತ್ತು. ಕಡ್ಡಿ ಸಿಕ್ಕಿಸಿದೆವು, ಹಳದಿ ಗುರುತು ಹೋಯಿತು. ಕಾರ್ಡು ಸರಿಯಾಗಿ ನಡೆಯುತ್ತಿದೆ ಎಂದು ಡಬ್ಬಿ ಹೇಳಿತು. ಹತ್ತಿರದಲ್ಲಿ ಯಾವ ಜಾಲವೂ ಇಲ್ಲ ಎಂದೂ ಹೇಳಿತು.

ಗೋಡೆಗಳು ಮಾತಾಡುವ ಊರಿನಲ್ಲಿ ಯಾವ ಜಾಲವೂ ಇಲ್ಲವಂತೆ. ಏರಿಯಲ್ ಬಿಚ್ಚಿ ಮತ್ತೆ ತಿರುವಿದೆವು. ಒಂದನ್ನು ನೆಟ್ಟಗೆ, ಒಂದನ್ನು ಅಡ್ಡ ಇಟ್ಟೆವು. ಮೇಜನ್ನು ಪಡಸಾಲೆಗೆ ತಂದೆವು, ಮತ್ತೆ ಒಳಗೆ ಒಯ್ದೆವು. ಕಾರ್ಡು ಕಿತ್ತು, ಹಲ್ಲು ಒರೆಸಿ, ಮರಳಿ ಕೂಡಿಸಿದೆವು. ಕಾರ್ಡು ಸರಿಯಾಗಿ ನಡೆಯುತ್ತಿದೆ ಎಂದೇ ಅದು ಹೇಳುತ್ತಿತ್ತು. ಮರುದಿನವೂ ಅದನ್ನೇ ಮಾಡಿದೆವು. ನಾನು ಆ ಡಬ್ಬಿಗೆ ಬೈದೆ. ಬನವ್ವನ ಸಾಮಾನಿಗೆ ಅವಳ ಮನೆಯಲ್ಲೇ ನಿಂತು ಬೈದೆ.

ನಿನ್ನೆ ಸಂಜೆ ಪಕ್ಕದ ಮನೆಯ ಕಸ್ತೂರೆವ್ವ ಮಾತಾಡಿಸಲು ಬಂದಳು. ಬಾಗಿಲ ಬಲೆಯನ್ನು ಸರಿಸಿ ಒಳಗೆ ಬಂದವಳು ಅದರ ಅಂಚನ್ನು ಬೆರಳಲ್ಲಿ ಹಿಡಿದು ನಿಂತಳು.

"ಎಷ್ಟು ಸಣ್ಣ ನೇಯ್ಗಿ ಯವ್ವಾ ಇದು."

ಅತ್ತೆಯವರ ಮುಖ ಅರಳಿತು. "ನಮ್ಮ ಬನಿ ಕೈಯಾಂದು. ಇಂಥಾದ್ದು ಇನ್ನ ನಿಮಗ ಸಿಗೂದಿಲ್ಲ. ಅಕಿ ಬಲಿ ಹಾಕಿದ ಮನಿಯೊಳಗ ಒಂದ ಒಂದು ಅಲೆ ನುಸಳಿ ಬಂತು ಅಂತ ಯಾರರ ಹೇಳಲಿ ನೋಡೂಣು."

ನಾನು ಏರಿಯಲ್ ಕೈಯಲ್ಲಿ ಹಿಡಿದು ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ರಾಜೇಸಾಬ ನೆಲದ ಮೇಲೆ ಚಹಾ ಕುಡಿಯುತ್ತಿದ್ದ. ಅವನು ಕಪ್ಪು ಕೆಳಗಿಟ್ಟ.

"ಅಣ್ಣಾರ," ಎಂದ, "ನಾವು ಮುಚ್ಚಿದ ಗಡಿಗ್ಯಾಗ ಮಳಿನೀರು ಹಿಡಿಯಾಕ ಹತ್ತೇವಿ."

ಬಲೆ ಗಾಳಿಯ ಅಲೆಯನ್ನು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಮೌನಬಲೆಯ ಒಳಗಿನಿಂದ ಅಲೆಯಲ್ಲಿ ಯಾರೂ ಏನನ್ನೂ ಕಳಿಸಿದ್ದಿಲ್ಲ, ಕಳಿಸುವ ಪ್ರಸಂಗವೇ ಬರುವುದಿಲ್ಲ. ಬಲೆ ಹಾಕಿದ ಮೇಲೆ ಅದನ್ನು ಗೋಡೆಯ ಸುಣ್ಣದಂತೆ ಮರೆತುಬಿಡುತ್ತೇವೆ. ಹಾಗೆ ಮರೆಯುವುದೇ ಅದರ ಪದ್ಧತಿ. ಒಳ್ಳೆಯ ಕಾರ್ಡು, ಸರಿಯಾಗಿ ಕೂಡಿಸಿದ ಕಾರ್ಡು, ನಿಜವನ್ನೇ ಹೇಳುತ್ತಿದ್ದ ಕಾರ್ಡು. ಅದಕ್ಕೆ ನಾವು ಎರಡು ದಿನ ಬೈದಿದ್ದೆವು.

ಕಸ್ತೂರೆವ್ವ ಹೋದ ಮೇಲೆ ನಾನು ಅತ್ತೆಗೆ ಹೇಳಿದೆ. "ಬಲಿ ಒಂದ ತಾಸು ಎತ್ತೂಣ್ರಿ ಅತ್ತಿ. ದನಿ ಕಳಿಸಿ ಮತ್ತ ಇಳಿಬಿಡೂಣು."

"ಎತ್ತಿದ್ರ ದುಃಖ ಮುಗೀತು ಅಂತ ಅರ್ಥ. ನಿಮಗ ಮುಗದೈತೇನು?"

ನಾನು ಏರಿಯಲ್ಲನ್ನು ಮೇಜಿನ ಮೇಲಿಟ್ಟೆ.

"ನನಗ ಮುಗದಿಲ್ಲ," ಎಂದರು ಅತ್ತೆ. "ಅಕಿ ನೇಯ್ದ ಬಲಿ ಅಕಿ ಸಾವಿಗೆ ಪೂರಾ ದಿನ ನಿಲ್ಲಲಿಲ್ಲ ಅಂತ ಓಣ್ಯಾಗ ಆಡಕೊಳ್ಳೂದು ಬ್ಯಾಡ."

"ಮತ್ತ ದನಿ? ಬರೇ ಹೆಸರು ಓದಿ ಮುಂದ ಹೋಗ್ತಾರ."

ಅವರು ಒಳಗೆ ಹೋಗಿ ಮಲಗಿದರು.

ಗಾಳಿಕಂಬಗಳು ಇವತ್ತಿಗೂ ಅಲೆಯನ್ನು ನಂಬುವುದಿಲ್ಲ. ಸುದ್ದಿ ತಪ್ಪಿದರೆ ರೆಕ್ಕೆ ಮುರಿಯುತ್ತದೆ, ಅದಕ್ಕೆ ಗುಡ್ಡದಿಂದ ಊರೊಳಗೆ ತಂತಿಯನ್ನೇ ಎಳೆದಿದ್ದಾರೆ. ಆ ತಂತಿ ನಮ್ಮ ಹಿತ್ತಲ ಗೋಡೆಯ ಮೇಲೆ ಹಾದು ಕೇಳುಮನೆಯ ತನಕ ಹೋಗುತ್ತದೆ. ಜೀವನವಿಡೀ ಅದರ ಕೆಳಗೆ ನಡೆದವನಿಗೆ ಅದು ನೆನಪಾದದ್ದು ಇವತ್ತು ಬೆಳಗ್ಗೆ ಹಲ್ಲುಜ್ಜುವಾಗ. ಕಂಬದ ಮೇಸ್ತ್ರಿಯನ್ನು ಕೇಳಿ ಒಪ್ಪಿಗೆ ತಂದೆ. ತಂತಿಯ ಕಾರ್ಡು ಬೇಕೆಂದು ಹೇಳಿಕಳಿಸಿದೆ, ರಾಜೇಸಾಬ ಮೂರನೆಯ ಕಾರ್ಡನ್ನು ಕೈಯಲ್ಲಿ ಹಿಡಿದೇ ಬಂದ. ಏರಿಯಲ್ ಇಲ್ಲ, ಬೆನ್ನಿಗೆ ಕೇಬಲ್ ಸಿಕ್ಕಿಸುವ ಒಂದು ತೂತು, ಅಷ್ಟೇ. ಈ ಸಲ ಹಲ್ಲು, ಪಟ್ಟಿ, ಸ್ಲಾಟು ಮೂರನ್ನೂ ಅಂಗಡಿಯಲ್ಲೇ ಅಳೆದು ತಂದಿದ್ದ. ವಿದ್ಯುತ್ ಕಿತ್ತು, ಮೈಯ ಕಿಡಿ ಇಳಿಯಲೆಂದು ಡಬ್ಬಿಯ ಬರಿಯ ಕಬ್ಬಿಣ ಒಮ್ಮೆ ಮುಟ್ಟಿ, ಎರಡೂ ತುದಿ ಸಮನಾಗಿ ಒತ್ತಿ ಕೂಡಿಸಿದೆವು. ಡಬ್ಬಿ ಹಚ್ಚಿದರೆ ಅದು ಡ್ರೈವರನ್ನೂ ಕೇಳಲಿಲ್ಲ. ಈ ಕಾರ್ಡಿನ ಪಾಠ ಅದರೊಳಗೆ ಮೊದಲಿನಿಂದಲೂ ಇತ್ತಂತೆ. ಇದನ್ನೇ ಮೊದಲು ತರಬಾರದಿತ್ತೇ ಎಂದು ಕೇಳಿದೆ.

"ನೀವು ಕೇಳಲೇ ಇಲ್ಲಲ್ರಿ," ಎಂದ ರಾಜೇಸಾಬ.

ಉಳಿದದ್ದು ಗುಡ್ಡದ ತಂತಿಗೆ ಕೂಡಿಸಿದ ಕೇಬಲ್ಲನ್ನು ಹಿತ್ತಲಿನಿಂದ ಒಳಗೆ ತರುವುದು. ಸಾವಿನ ಮನೆಯ ಹೊಸ್ತಿಲ ಮೇಲೆ ಏನನ್ನೂ ಹಾಸುವಂತಿಲ್ಲ. ಕಿಟಕಿಯಿಂದ ತರಬೇಕು, ಕಿಟಕಿಯ ಬಲೆಯಲ್ಲಿ ಸಂದಿಲ್ಲ. ರಾಜೇಸಾಬ ಇಕ್ಕಳ ತೆಗೆದ. ಅತ್ತೆಯವರು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಎದ್ದು ಬಂದರು.

"ಕತ್ತರಸ್ತಿ ಏನ? ಸರಿ ಅತ್ತಾಗ."

ಕೈ ತೊಳೆದು ಬಂದು ಮಗಳ ಮಗ್ಗದ ಗೂಡಿನಿಂದ ಎಳೆ ಬಿಡಿಸುವ ಮೊಂಡ ಸೂಜಿ ತಂದರು. ಕಿಟಕಿಯ ಕೆಳಗೆ ಕೂತು ಬಲೆಯ ಒಂದು ಮೂಲೆಯನ್ನು ಕಣ್ಣ ಹತ್ತಿರ ಹಿಡಿದು ಎಳೆ ಸರಿಸತೊಡಗಿದರು. ಎಳೆ ಸರಿಯಲಿಲ್ಲ. ಸೂಜಿ ಜಾರಿತು, ಮತ್ತೆ ಹಾಕಿದರು, ಮತ್ತೆ ಜಾರಿತು.

"ಯಾಕಿಷ್ಟು ಬಿಗಿ ಬಡದ್ಯವ್ವಾ," ಎಂದರು. ನಮ್ಮ ಜೊತೆ ಮಾತಾಡುತ್ತಿರಲಿಲ್ಲ. "ಹುಡುಗೀ, ಒಂದರ ಎಳಿ ಸಡಲ ಬಿಟ್ಟಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಸೂಜಿಯನ್ನು ಇನ್ನೊಮ್ಮೆ ತೂರಿಸುತ್ತ ಹೇಳಿದರು: "ನಂದ ತಪ್ಪು. ಸಡಲ ಬಡದ್ರ ಪೂರಾ ಬಿಚ್ಚಸ್ತಿದ್ದೆ ಅಕಿ ಕೈಲೆ. ಅಳಕೋಂತ ಮತ್ತ ನೇಯ್ತಿದ್ಲು."

ಕೊನೆಗೆ ಎಳೆ ಸರಿದವು. ಒಂದನ್ನೂ ಕಡಿಯದೆ, ಬೆರಳು ತೂರುವಷ್ಟು ಕಣ್ಣು ಬಿಡಿಸಿ, ಕೇಬಲ್ಲಿನ ತುದಿಯನ್ನು ಅವರೇ ಒಳಗೆ ಎಳೆದುಕೊಂಡರು. ಆಮೇಲೆ ಆ ಎಳೆಗಳನ್ನು ಕೇಬಲ್ಲಿನ ಸುತ್ತ ಮತ್ತೆ ಬಿಗಿದರು. ಬಲೆ ನಿಂತೇ ಇತ್ತು.

ಕೇಬಲ್ ಸಿಕ್ಕಿಸಿದಾಗ ಕಾರ್ಡಿನ ಬೆನ್ನಲ್ಲಿ ಒಂದು ಸಣ್ಣ ಹಸಿರು ದೀಪ ಹತ್ತಿತು. ಬನವ್ವನ ಮಾತು ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ. ಕಳಸೂದು ಎಂದು ಹೆಸರಿಟ್ಟು ಮೆಣಸಿನಕಾಯಿಯ ಚಿತ್ರದ ನಡುವೆಯೇ ಇಟ್ಟಿದ್ದಳು. ಕಳಿಸಿದೆ. ನಮ್ಮ ಗುಡ್ಡದ ತಂತಿ ನಿಧಾನ, ನಿಮ್ಮ ಪೆಟ್ಟಿಗೆಯ ಮೇಲಿನ ವೇಗ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಅತ್ತೆ ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಕೇಳುಮನೆಯಿಂದ ಉತ್ತರ ಬಂತು. ದನಿ ಬಂದಿದೆ, ಹನ್ನೊಂದು ನಿಮಿಷ ಇದೆ ಎಂದು.

"ಹನ್ನೊಂದು ನಿಮಿಷ ಏನು ಮಾತಾಡಿದ್ದಾಳು?" ಎಂದರು ಅತ್ತೆ. "ಮನಿಯಾಗ ಬಾಯಿ ಬಿಡತಿದ್ದಿಲ್ಲ."

"ನನಗ ಬೈದಿರಬೇಕ್ರಿ."

"ಬೈದ್ರ ಬೈಸಿಕೊಳ್ರಿ," ಎಂದು ಬಿಸಿ ರೊಟ್ಟಿ ಹಾಕಿದರು. ಬಹಳ ದಿನಗಳ ಮೇಲೆ ನಾವಿಬ್ಬರೂ ಜೊತೆಗೆ ಕೂತು ಉಂಡೆವು.

ಹಿಂದಿನವರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಪೆಟ್ಟಿಗೆಯ ಮೇಲೆ ವೇಗ ಬರೆಯುವ ಜಾಗದಲ್ಲಿ, ಯಾವ ಸ್ಲಾಟಿಗೆ ಕೂಡುತ್ತದೆ ಎಂದು ಅಷ್ಟೇ ದಪ್ಪಗೆ ಬರೆಯಿರಿ. ಪಟ್ಟಿ ಎರಡನ್ನೂ ಒಟ್ಟಿಗೆ ಕಟ್ಟಿಡಿ. ಪಾಠವನ್ನು ಕಾರ್ಡಿನ ಒಳಗೇ ಇಡಿ. ಗಾಳಿಯ ಕಾರ್ಡು ಎಷ್ಟು ಚೆಂದವಿದ್ದರೂ ತಂತಿಯ ತೂತನ್ನು ಕೈಬಿಡಬೇಡಿ. ನೀವು ಮಾರುವ ಸಾಮಾನು ನೀವು ನೆನೆಸದಷ್ಟು ಕಾಲ ಬದುಕುತ್ತದೆ, ನೀವು ನೆನೆಸದ ಮನೆಗಳಲ್ಲಿ ಅದನ್ನು ಯಾರಾದರೂ ಬಿಚ್ಚಿ ಕೂರುತ್ತಾರೆ. ಅವರ ಕೈಯಲ್ಲಿ ಸಮಯ ಇರುವುದಿಲ್ಲ.

ಡಬ್ಬಿ ಗಟ್ಟಿಮುಟ್ಟಾಗಿದೆ. ಅದನ್ನೂ ಹೇಳಬೇಕು.

ಇನ್ನು ನಿಲ್ಲಿಸುತ್ತೇನೆ. ನಾಳೆ ಮಾರ್ಚ್ ಒಂದು. ಕೇಳುಮನೆ ಹತ್ತು ಗಂಟೆಗೆ ತೆರೆಯುತ್ತದೆ, ಬನವ್ವನದು ನಾಲ್ಕನೆಯ ಸರದಿ.

ಹೂವಪ್ಪ ಗಂಜಿ